ಫೋಟೋ ಒಣಗಿಸುವ ವಿಚಾರ

ಊರಿನ ಮನೆಯ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಭಾವಚಿತ್ರವಿಲ್ಲದ ಕುಟುಂಬ ನಮ್ಮವರಲ್ಲಿ ವಿರಳ. ದೇವರ ಪಟದ ಪಕ್ಕದಲ್ಲಿ, ಕರಿಯ ಚೌಕಟ್ಟಿನೊಳಗೆ ಕುಳಿತ ಆ ಚಿತ್ರಗಳಲ್ಲಿ ಕೆಲವು ಅರುವತ್ತು ಎಪ್ಪತ್ತು ವರ್ಷಗಳ ತರುವಾಯವೂ ನಿನ್ನೆ ತೆಗೆದಂತೆ ಸ್ಪಷ್ಟವಾಗಿವೆ. ಇನ್ನು ಕೆಲವು ಹಳದಿಗಟ್ಟಿ, ಮುಖದ ಮೇಲೆ ಕಲೆ ಬಿದ್ದು, ಗುರುತು ಹಿಡಿಯಲಾರದಂತಾಗಿವೆ. ಎರಡನ್ನೂ ಒಂದೇ ಸ್ಟುಡಿಯೋದವರು ಒಂದೇ ಕ್ಯಾಮರಾದಿಂದ ತೆಗೆದಿರಲೂ ಬಹುದು. ಹೀಗೇಕಾಯಿತೆಂದು ವಿಚಾರಿಸಿದರೆ ಉತ್ತರ ಕ್ಯಾಮರಾದಲ್ಲಿ ದೊರೆಯುವುದಿಲ್ಲ. ಕಾಗದದ ಮೇಲೆ ಚಿತ್ರ ಮೂಡಿದ ಮೇಲೆ ಅದನ್ನು ಎಷ್ಟು ತೊಳೆದರು, ಹೇಗೆ ಒಣಗಿಸಿದರು, ಎಲ್ಲಿಟ್ಟರು ಎಂಬುದರಲ್ಲಿ ದೊರೆಯುತ್ತದೆ.

ಎಲ್ಲರ ಕೈಯಲ್ಲೂ ಫೋನಿರುವ ಈ ದಿನಗಳಲ್ಲಿ ಇದೇನು ಹಳೆಯ ಮಾತೆಂದು ಕೆಲವರು ನಗಬಹುದು. ಆದರೆ ಹಳೆಯ ನೆಗೆಟಿವ್‌ಗಳು ನಮ್ಮ ಟ್ರಂಕುಗಳಲ್ಲಿ ಇನ್ನೂ ಇವೆ. ಆಗ್ಫಾ ಕ್ಲಿಕ್ ಥ್ರೀ ಎಂಬ ಅಗ್ಗದ ಕ್ಯಾಮರಾ ಒಂದು ಕಾಲದಲ್ಲಿ ನಮ್ಮ ಅನೇಕ ಮನೆಗಳಲ್ಲಿತ್ತು. ಅದರಲ್ಲಿ ಒಂದು ಸುರುಳಿಗೆ 12 ಚಿತ್ರಗಳು, ಒಂದೊಂದೂ 6 ಸೆಂಟಿಮೀಟರ್ ಚೌಕ. ಅಷ್ಟು ದೊಡ್ಡ ನೆಗೆಟಿವ್ ಇದ್ದರೆ ಎನ್‌ಲಾರ್ಜರ್ ಯಂತ್ರವೂ ಬೇಡ. ಕೆಂಪು ದೀಪದಡಿಯಲ್ಲಿ ಬ್ರೋಮೈಡ್ ಕಾಗದದ ಮೇಲೆ ನೆಗೆಟಿವ್ ಇಟ್ಟು, ಮೇಲೊಂದು ಗಾಜು ಹೇರಿ, ಸಾಧಾರಣ ಬಲ್ಬನ್ನು ಕೆಲವು ಕ್ಷಣ ಹೊತ್ತಿಸಿದರೆ ಅದೇ ಅಳತೆಯ ಚಿತ್ರ ಸಿದ್ಧವಾಗುತ್ತದೆ. ತಾಯಿಯ ಹದಿಹರೆಯದ ಮುಖವನ್ನು ಸ್ವಂತ ಕೈಯಿಂದ ಕಾಗದದ ಮೇಲೆ ಬರಿಸಿಕೊಳ್ಳಬೇಕೆಂಬ ಆಸೆಯಿಂದ ರಾತ್ರಿಯ ಹೊತ್ತು ಖೋಲಿಯ ಮೋರಿಯನ್ನೇ ಕತ್ತಲೆಕೋಣೆ ಮಾಡಿಕೊಳ್ಳುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರ ಶ್ರಮ ಹಾಳಾಗುವುದು ಹೆಚ್ಚಾಗಿ ಕೊನೆಯ ಘಟ್ಟದಲ್ಲಿ. ಆದುದರಿಂದ ಆ ಕೊನೆಯ ಘಟ್ಟವನ್ನೇ ಇಲ್ಲಿ ವಿಸ್ತರಿಸುತ್ತೇವೆ.

ಮೊದಲು ಕಾಗದದ ಮಾತು. ಫೋಟೋ ಕಾಗದದಲ್ಲಿ ಈಗ ಎರಡು ಜಾತಿ. ಒಂದು, ಎರಡೂ ಮೈಗೆ ಪ್ಲಾಸ್ಟಿಕ್ ಲೇಪ ಬಳಿದ ಆರ್.ಸಿ. ಕಾಗದ. ಇದರೊಳಕ್ಕೆ ನೀರು ಇಳಿಯದು; ಎರಡು ಮೂರು ನಿಮಿಷ ತೊಳೆದರೆ ಸಾಕು, ಅರ್ಧ ಗಂಟೆಯೊಳಗೆ ಒಣಗಿ ಮಟ್ಟಸವಾಗಿ ಮಲಗುತ್ತದೆ. ಇನ್ನೊಂದು, ಅಜ್ಜನ ಕಾಲದ ಫೈಬರ್ ಕಾಗದ, ಅಂದರೆ ನಿಜವಾದ ನಾರಿನ ಕಾಗದ. ಅದರ ಮೇಲೆ ಬರೈಟಾ ಎಂಬ ಬಿಳಿಯ ಲೇಪ, ಬೇರಿಯಂ ಸಲ್ಫೇಟಿನದು. ಅದರ ಮೇಲೆ ಬೆಳ್ಳಿಯ ಲವಣವನ್ನು ಹಿಡಿದುಕೊಂಡ ಜೆಲಟಿನ್ ಪದರ. ಗೋಡೆಯ ಮೇಲಿನ ಹಳೆಯ ಚಿತ್ರಗಳೆಲ್ಲ ಈ ಜಾತಿಯವು. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಮುದ್ರೆಯ ಕಾಗದವನ್ನು ಹಿರಿಯ ವಾಚಕರು ಮರೆತಿರಲಾರರು. ಆ ಕಾರ್ಖಾನೆ ಮುಚ್ಚಿಹೋಯಿತು. ಕೊಡಕ್ ಸಂಸ್ಥೆಯೂ 2005ರಲ್ಲಿ ಕಪ್ಪು ಬಿಳುಪು ಕಾಗದದ ತಯಾರಿಕೆಯನ್ನು ನಿಲ್ಲಿಸಿತು. ಈಗ ಇಂಗ್ಲೆಂಡಿನ ಇಲ್‌ಫರ್ಡ್, ಚೆಕ್ ದೇಶದ ಫೋಮಾ ಮುಂತಾದವರ ಸರಕನ್ನೇ ತರಿಸಿಕೊಳ್ಳಬೇಕು, ಬೆಲೆ ಅಗ್ಗವಲ್ಲ. ಒಂದು ಹಾಳೆ ಕೆಟ್ಟರೆ ಕೈಗೆ ಬಿಸಿ ತಟ್ಟುವಂತಹ ಕಾಲವಿದು.

ಒಣಗಿಸುವುದಕ್ಕೆ ಮುಂಚೆ ತೊಳೆಯಬೇಕು. ಇದನ್ನು ಹೇಳದೆ ಒಣಗಿಸುವ ಮಾತೆತ್ತುವುದು ತಿಕ್ಕದ ಪಾತ್ರೆಯನ್ನು ಒರೆಸಿದಂತೆ. ಡೆವಲಪರಿನಲ್ಲಿ ಚಿತ್ರ ಮೂಡಿದ ಮೇಲೆ ಬೆಳಕು ಬೀಳದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವುದಕ್ಕಾಗಿ ಕಾಗದವನ್ನು ಹೈಪೋದಲ್ಲಿ ಅದ್ದುತ್ತಾರೆ. ಹೈಪೋವಿನ ಈ ಗುಣವನ್ನು 1819ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಜಾನ್ ಹರ್ಷೆಲ್. 1839ರಲ್ಲಿ ಛಾಯಾಚಿತ್ರಕ್ಕೆ ಅದನ್ನು ಬಳಸಬಹುದೆಂದು ತೋರಿಸಿಕೊಟ್ಟವನೂ ಅವನೇ. ಈ ಉಪಕಾರಿಯಾದ ಹೈಪೋ ತನ್ನ ಕೆಲಸ ಮುಗಿಸಿದ ಮೇಲೆ ಕಾಗದದಲ್ಲಿ ಉಳಿದರೆ ಶತ್ರುವಾಗುತ್ತದೆ. ಅದು ಕ್ರಮೇಣ ಒಡೆದು, ಅದರೊಳಗಿನ ಗಂಧಕ ಬೆಳ್ಳಿಯೊಡನೆ ಕೂಡಿಕೊಂಡು ಚಿತ್ರವನ್ನು ಹಳದಿಗಂದು ಮಾಡುತ್ತದೆ. ಸೆಖೆ ಮತ್ತು ತೇವ ಇದ್ದಲ್ಲಿ ಈ ಕೆಲಸ ಬೇಗ ನಡೆಯುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಎರಡಕ್ಕೂ ಕೊರತೆಯಿಲ್ಲವಷ್ಟೆ. ಚಿತ್ರಗಳು ಮಾಸುವ ಈ ಪೀಡೆಯನ್ನು ವಿಚಾರಿಸಲು ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ 1855ರಷ್ಟು ಹಿಂದೆಯೇ ಸಮಿತಿಯೊಂದನ್ನು ನೇಮಿಸಿತ್ತು. ಸರಿಯಾಗಿ ತೊಳೆಯದೆ ಉಳಿಸಿದ ಹೈಪೋ ದೊಡ್ಡ ಅಪರಾಧಿಯೆಂದು ಆ ಸಮಿತಿ ಅಂದೇ ಹೇಳಿತು.

ಫೈಬರ್ ಕಾಗದದ ನಾರುಗಳು ಹೈಪೋವನ್ನು ಸ್ಪಂಜಿನಂತೆ ಹೀರಿಕೊಂಡಿರುತ್ತವೆ. ಅದನ್ನು ಬಿಡಿಸಲು ಹರಿಯುವ ನೀರಿನಲ್ಲಿ ಸುಮಾರು 1 ಗಂಟೆ ಬೇಕು. ಚಾಳಿನ ನಲ್ಲಿಯಲ್ಲಿ ಒಂದು ಗಂಟೆ ನೀರು ಬಿಟ್ಟರೆ ನೆರೆಯವರು ಸುಮ್ಮನಿರುವರೆ? ಅವರು ಸುಮ್ಮನಿದ್ದರೂ ನಲ್ಲಿ ಸುಮ್ಮನಾಗಿಬಿಡುತ್ತದೆ. ಇದಕ್ಕೆ ಉಪಾಯವಿದೆ. ತೊಳೆಯುವುದೆಂದರೆ ನೀರಿನ ರಭಸವಲ್ಲ. ನಾರಿನೊಳಗಿನ ಹೈಪೋ ಮೆಲ್ಲಗೆ ಹೊರಗಿನ ಶುದ್ಧ ನೀರಿಗೆ ಇಳಿದುಬರುವುದು. ಆದುದರಿಂದ ಟ್ರೇಯಲ್ಲಿ ನೀರು ತುಂಬಿಸಿ, ಪ್ರಿಂಟುಗಳನ್ನು ಒಂದರ ಮೇಲೊಂದು ಅಂಟದಂತೆ ಮಗುಚುತ್ತ 5 ನಿಮಿಷ ಬಿಟ್ಟು, ಆ ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಹೀಗೆ ಹತ್ತು ಹನ್ನೆರಡು ಸಲ ಮಾಡಿದರೆ ನಾಲ್ಕಾರು ಬಕೆಟ್ಟುಗಳಲ್ಲಿ ಕೆಲಸ ಮುಗಿಯುತ್ತದೆ. ನೀರು ಇನ್ನೂ ಕಡಿಮೆಯಿದ್ದರೆ ನಡುವೆ ಸೋಡಿಯಂ ಸಲ್ಫೈಟಿನ ಸ್ನಾನ ಕೊಡಬಹುದು: 1 ಲೀಟರ್ ನೀರಿಗೆ 20 ಗ್ರಾಂ, 10 ನಿಮಿಷ. ಆಮೇಲೆ 20 ನಿಮಿಷದ ತೊಳೆತ ಸಾಕು. ಉಪ್ಪುನೀರಿನಲ್ಲಿ ಹೈಪೋ ಸಿಹಿನೀರಿಗಿಂತ ಬೇಗ ಬಿಡುತ್ತದೆಂಬುದನ್ನು ಕಂಡುಕೊಂಡದ್ದರಿಂದಲೇ ಇಂತಹ ಲವಣಸ್ನಾನಗಳು ಬಳಕೆಗೆ ಬಂದವು. ಕಡಲ ನೀರಿನಲ್ಲಿ ತೊಳೆದು ಕೊನೆಗೆ ಸಿಹಿನೀರು ತೋರಿಸುವ ಪದ್ಧತಿಯೂ ಇತ್ತು. ಹಾಗೆಂದು ಯಾರೂ ಬಕೆಟ್ಟು ಹಿಡಿದು ಚೌಪಾಟಿಗೆ ಹೊರಡಬೇಕಾಗಿಲ್ಲ; ಅಲ್ಲಿಯ ನೀರಿನಲ್ಲಿ ಉಪ್ಪಲ್ಲದೆ ಬೇರೆ ಸಂಗತಿಗಳೂ ಇವೆ.

ಇಡೀ ರಾತ್ರಿ ನೀರಿನಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದಲ್ಲವೆ ಎಂದು ಕೇಳುವವರುಂಟು. ಅಲ್ಲ. ಜೆಲಟಿನ್ ನೆನೆದು ಮೆತ್ತಗಾಗುತ್ತದೆ, ಕಾಗದದ ಅಂಚು ಬಿಚ್ಚಿಕೊಳ್ಳುತ್ತದೆ. ಚೆನ್ನೈಯ ಮೇ ತಿಂಗಳಿನಲ್ಲಿ ತಾರಸಿಯ ಟಾಕಿಯಿಂದ ಇಳಿದು ಬರುವ ನೀರಂತೂ ಬಿಸಿ ಸ್ನಾನದ ನೀರಿನಂತಿರುತ್ತದೆ. ಅದರಲ್ಲಿ ಜೆಲಟಿನ್ ಉಗುರು ತಾಗಿದರೆ ಕಿತ್ತುಬರುವಷ್ಟು ಮೃದುವಾಗುತ್ತದೆ. ಅಲ್ಲಿಯವರು ಬೆಳಗಿನ ಜಾವದ ನೀರನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡುವುದು ಮೇಲು.

ತೊಳೆತ ಸಾಕಾಯಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಅತಿ ತೆಳುವಾಗಿ ಕರಗಿಸಿದ ನೇರಳೆ ನೀರನ್ನು ಎರಡು ಗಾಜಿನ ಲೋಟಗಳಲ್ಲಿಡಬೇಕು. ಒಂದಕ್ಕೆ ಪ್ರಿಂಟಿನ ಮೂಲೆಯಿಂದ ತೊಟ್ಟಿಕ್ಕುವ ನೀರು, ಇನ್ನೊಂದಕ್ಕೆ ಅಷ್ಟೇ ನಲ್ಲಿಯ ನೀರು. ಮೊದಲನೆಯದು ಮಾತ್ರ ಕಿತ್ತಳೆಯ ಬಣ್ಣಕ್ಕೆ ತಿರುಗಿದರೆ ಹೈಪೋ ಇನ್ನೂ ಇದೆ. ಎರಡೂ ತಿರುಗಿದರೆ ತಪ್ಪು ನಲ್ಲಿಯದು. ಈ ಪರೀಕ್ಷೆ ತೊಟ್ಟಿಕ್ಕುವ ನೀರಿನ ಸಾಕ್ಷ್ಯವನ್ನಷ್ಟೇ ಕೊಡುತ್ತದೆ, ನಾರಿನ ಒಳಗಿನದನ್ನಲ್ಲ. ಆದಕಾರಣ ಬಣ್ಣ ಉಳಿದ ಮೇಲೂ ಒಂದೆರಡು ಸಲ ನೀರು ಬದಲಿಸುವುದು ಕ್ಷೇಮ.

ಇನ್ನು ಒಣಗಿಸುವುದು. ಹೊಸಬರ ಕಣ್ಣಲ್ಲಿ ನೀರು ತರಿಸುವ ಘಟ್ಟ ಇದೇ. ರಾತ್ರಿ ಸುಂದರವಾಗಿದ್ದ ಹಾಳೆ ಬೆಳಗಾಗುವಾಗ ಕೊಳವೆಯಂತೆ ಸುತ್ತಿಕೊಂಡಿರುತ್ತದೆ. ಕಾರಣ ಸರಳ. ನೆನೆದಾಗ ಕಾಗದವೂ ಉಬ್ಬುತ್ತದೆ, ಜೆಲಟಿನ್ನೂ ಉಬ್ಬುತ್ತದೆ. ಆರುವಾಗ ಜೆಲಟಿನ್ ಕಾಗದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತದೆ. ಚಿತ್ರವಿರುವ ಮೈ ಎಳೆದುಕೊಂಡಾಗ ಅಂಚುಗಳು ಮೇಲೆದ್ದು ಒಳಕ್ಕೆ ಮುರುಟುತ್ತವೆ. ಗಾಳಿ ಒಣಗಿದಷ್ಟೂ, ಆರುವ ವೇಗ ಹೆಚ್ಚಿದಷ್ಟೂ ಮುರುಟು ಹೆಚ್ಚು. ಹಪ್ಪಳ ಒತ್ತಿದ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿರುಬಿಸಿಲಿಗೆ ಹಾಕಿದ ಹಪ್ಪಳ ದೋಣಿಯಾಗುತ್ತದೆಂದು ಅವರು ಮೊದಲು ನೆರಳಿನಲ್ಲಿ ಆರಿಸಿ, ಹಸಿ ಇರುವಾಗಲೇ ಒಂದರ ಮೇಲೊಂದಿಟ್ಟು ಭಾರ ಹೇರುತ್ತಾರೆ. ಫೋಟೋದ ರಹಸ್ಯವೂ ಹೆಚ್ಚು ಕಡಿಮೆ ಅದೇ.

ಆದುದರಿಂದ ಊರಿಗೆ ತಕ್ಕಂತೆ ಉಪಾಯವೂ ಬೇರೆ. ದಿಲ್ಲಿಯ ಮೇ ತಿಂಗಳಿನ ಲೂ ಗಾಳಿಯಲ್ಲಿ ಒದ್ದೆ ಹಾಳೆಯನ್ನು ಕಿಟಕಿಯ ಬಳಿ ಇಟ್ಟರೆ ಬಲುಬೇಗ ಸುರುಳಿಯಾಗಿಬಿಡುತ್ತದೆ. ಅಲ್ಲಿಯವರು ಕಿಟಕಿ ಮುಚ್ಚಿ, ನೀರಿನ ಕೂಲರ್ ನಡೆಯುವ ಕೋಣೆಯಲ್ಲಿ ಒಣಗಿಸಲಿ. ಕೂಲರಿನ ತೇವದ ಗಾಳಿ ಎಲ್ಲೆಡೆ ದೂಷಣೆಗೆ ಪಾತ್ರವಾದರೂ ಇಲ್ಲಿ ಉಪಕಾರಿ. ಹೈದರಾಬಾದಿನ ಬೇಸಗೆಗೂ ಈ ಮಾತು ಸಲ್ಲುತ್ತದೆ. ಮುಂಬಯಿಯ ಜುಲೈ ತಿಂಗಳಿನಲ್ಲಿ ಕತೆ ತಿರುಗುಮುರುಗು. ಹಾಳೆ ಮುರುಟುವುದಿಲ್ಲ, ಆದರೆ ಆರುವುದೂ ಇಲ್ಲ. ಒಂದು ರಾತ್ರಿಯ ಬದಲು ಒಂದೂವರೆ ದಿನ ಹಿಡಿಯಬಹುದು. ಹಸಿ ಜೆಲಟಿನ್ ಬೂಷ್ಟಿಗೆ ಮೃಷ್ಟಾನ್ನ. ಅಲ್ಲಿ ಫ್ಯಾನು ಹಾಕತಕ್ಕದ್ದು. ಆದರೆ ಗಾಳಿಯನ್ನು ಗೋಡೆಗೆ ತಿರುಗಿಸಿ, ಹಾಳೆಯ ನೇರಕ್ಕೆ ಬಿಡದಂತೆ.

ಹಗ್ಗದ ಮೇಲೆ ತೂಗುಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ವಿಧಾನ. ಒಂದೇ ಹಾಳೆ ತೂಗಿದರೆ ಸುತ್ತಿಕೊಳ್ಳುವುದರಿಂದ ಎರಡು ಪ್ರಿಂಟುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ನಾಲ್ಕು ಮೂಲೆಗಳಿಗೂ ಬಟ್ಟೆಯ ಕ್ಲಿಪ್ಪು ಹಾಕಬೇಕು. ಎರಡೂ ಎದುರು ದಿಕ್ಕಿಗೆ ಎಳೆದು ಒಂದನ್ನೊಂದು ತಡೆಯುತ್ತವೆ. ಹಗ್ಗ ಕೋಣೆಯ ಒಳಗಿರಲಿ. ಚಾಳಿನ ಗ್ಯಾಲರಿಯಲ್ಲಿ ಕಟ್ಟಿದರೆ ರಸ್ತೆಯ ಧೂಳು, ಒಗ್ಗರಣೆಯ ಹೊಗೆ ಎಲ್ಲವೂ ಹಸಿ ಜೆಲಟಿನ್ನಿನ ಮೇಲೆ ಕುಳಿತು ಅಲ್ಲೇ ಕಾಯಂ ಆಗುತ್ತವೆ.

ನಮಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಜಾಲರಿಯ ವಿಧಾನ. ಕಿಟಕಿಗೆ ಸೊಳ್ಳೆ ಬಾರದಂತೆ ಹೊಡೆಯುವ ನೈಲಾನ್ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆದರೆ ಆಯಿತು. ತೊಳೆದ ಪ್ರಿಂಟನ್ನು ಗಾಜಿನ ಮೇಲೆ ಹಾಕಿ, ಮೃದುವಾದ ರಬ್ಬರಿನ ವೈಪರಿನಿಂದ ಎರಡೂ ಮೈಯ ನೀರನ್ನು ಪೂರ್ತಿಯಾಗಿ ಎಳೆದುಬಿಡಬೇಕು. ಈ ಹೆಜ್ಜೆಯನ್ನು ಬಿಟ್ಟರೆ ನಿಂತ ಹನಿಗಳು ಆರುವಾಗ ಕಲೆಯಾಗುತ್ತವೆ. ಬಳಿಕ ಚಿತ್ರದ ಮೈಯನ್ನು ಕೆಳಗೆ ಮಾಡಿ ಜಾಲರಿಯ ಮೇಲೆ ಮಲಗಿಸುವುದು. ಜಾಲರಿಯ ಗುರುತು ಬೀಳದೆ ಎಂದು ಅನುಮಾನ ಬರಬಹುದು. ಜಾಲರಿ ನಯವಾಗಿದ್ದು, ನೀರನ್ನು ಎಳೆದಿದ್ದರೆ ಬೀಳದು. ಕವುಚಿ ಮಲಗಿದ ಹಾಳೆ ತನ್ನ ತೂಕದಿಂದಲೇ ಅಂಚುಗಳನ್ನು ಹಿಡಿದಿಡುತ್ತದೆ. ಆರುವುದು ನಿಧಾನ, ಮುರುಟುವುದು ಅಲ್ಪ. ಜಾಲರಿಯನ್ನು ಆಗಾಗ್ಗೆ ತೊಳೆಯುವುದನ್ನು ಮರೆಯಬಾರದು. ನೆಲದಿಂದ ಮೇಲಕ್ಕೆ ಒಂದರ ಮೇಲೊಂದು ಮೂರು ಚೌಕಟ್ಟುಗಳನ್ನಿಟ್ಟರೆ ಒಂದು ಚಾಪೆಯ ಅರ್ಧ ಜಾಗದಲ್ಲಿ ಹನ್ನೆರಡು ಚಿತ್ರಗಳು ಒಣಗುತ್ತವೆ. ಖೋಲಿಯಲ್ಲಿ ನಾಲ್ವರು ಮಲಗುವ ಕಡೆ ಇದು ಸಣ್ಣ ಸಂಗತಿಯಲ್ಲ.

ಗಾಜಿಗೆ ಬಿಗಿಯುವ ಇನ್ನೊಂದು ವಿಧಾನವಿದೆ. ದೊಡ್ಡ ಹಾಳೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಒದ್ದೆ ಪ್ರಿಂಟಿನ ಬೆನ್ನನ್ನು ಗಾಜಿಗೆ ಒತ್ತಿ, ಚಿತ್ರ ಮೇಲೆ ಬರುವಂತೆ ಹರಡಿ, ನಾಲ್ಕು ಅಂಚುಗಳಿಗೂ ಗೋಂದು ಹಚ್ಚಿದ ಕಂದು ಕಾಗದದ ಪಟ್ಟಿಯನ್ನು ನೆನೆಸಿ ಅಂಟಿಸುವುದು. ಹಾಳೆ ಆರುತ್ತ ಕುಗ್ಗಲು ನೋಡುತ್ತದೆ, ಪಟ್ಟಿ ಬಿಡುವುದಿಲ್ಲ. ಮೃದಂಗದ ಚರ್ಮದಂತೆ ಬಿಗಿದು ಮಟ್ಟಸವಾಗುತ್ತದೆ. ಮರುದಿನ ಬ್ಲೇಡಿನಿಂದ ಅಂಚು ಕೊಯ್ದರೆ ಕೈಗೆ ಬರುವ ಹಾಳೆಗೆ ಇನ್ನು ಯಾವ ಉಪಚಾರವೂ ಬೇಡ. ಅಂಚು ಕೊಯ್ಯುವುದಕ್ಕೆಂದು ಮೊದಲೇ ಅಗಲವಾದ ಬಿಳಿ ಜಾಗವನ್ನು ಬಿಟ್ಟಿರಬೇಕು.

ಹಳೆಯ ಸ್ಟುಡಿಯೋಗಳ ಕನ್ನಡಿಯಂತಹ ಹೊಳಪು ಬರುತ್ತಿದ್ದುದು ಗ್ಲೇಜಿಂಗ್ ಎಂಬ ಕ್ರಮದಿಂದ. ಕ್ರೋಮಿಯಂ ಲೇಪದ ನುಣುಪಾದ ತಗಡಿಗೆ ಚಿತ್ರದ ಮೈಯನ್ನು ಒತ್ತಿ, ಬಿಸಿ ಮಾಡಿ ಒಣಗಿಸಿದರೆ ಜೆಲಟಿನ್ ಆ ತಗಡಿನ ನುಣುಪನ್ನೇ ತಾಳುತ್ತಿತ್ತು. ಆರಿದಾಗ ‘ಟಪ್’ ಎಂದು ತಾನೇ ಬಿಟ್ಟುಕೊಳ್ಳುತ್ತಿತ್ತು. ಬ್ಲಾಕು ಮಾಡಿಸುವ ಪತ್ರಿಕಾ ಕಚೇರಿಗಳಿಗೆ ಇಂತಹ ಹೊಳಪಿನ ಚಿತ್ರವೇ ಬೇಕಾಗಿತ್ತು, ಅದೂ ತುರ್ತಾಗಿ. ಹೆಚ್ಚು ಕೆಲಸವಿದ್ದಲ್ಲಿ ತಗಡಿನ ಬದಲು ಬಿಸಿಯಾದ ಉರುಳೆ, ಅದನ್ನು ಸುತ್ತಿದ ಕ್ಯಾನ್ವಾಸು ಬಟ್ಟೆ. ಈ ಬಟ್ಟೆಯೇ ಅಪಾಯಕಾರಿ. ಅವಸರದಲ್ಲಿ ಅರೆಬರೆ ತೊಳೆದ ಒಂದು ಪ್ರಿಂಟು ಅದರ ಮೇಲೆ ಹಾದುಹೋದರೆ ಬಟ್ಟೆ ಅದರ ಹೈಪೋವನ್ನು ಹೀರಿಟ್ಟುಕೊಂಡು, ಮುಂದೆ ಬಂದ ಚೆನ್ನಾಗಿ ತೊಳೆದ ಪ್ರಿಂಟಿಗೆ ದಾಟಿಸುತ್ತಿತ್ತು. ಯಾರದೋ ಗುರುತಿನ ಚೀಟಿಯ ಚಿತ್ರದ ಅವಸರ, ಇನ್ನಾರದೋ ಮದುವೆಯ ಚಿತ್ರದ ಹಳದಿ ಕಲೆ. ಮನೆಯಲ್ಲಿ ಹೀರುಕಾಗದದ ನಡುವೆ ಒಣಗಿಸುವವರಿಗೂ ಈ ಎಚ್ಚರ ಬೇಕು: ಒಮ್ಮೆ ಕೊಳೆಯಾದ ಹೀರುಕಾಗದವನ್ನು ಮತ್ತೆ ಬಳಸಬಾರದು. ವೃತ್ತಪತ್ರಿಕೆಯ ಹಾಳೆಯನ್ನಂತೂ ಬಳಸಲೇಬಾರದು. ಅದರ ಶಾಯಿ ಹಸಿ ಜೆಲಟಿನ್ನಿಗೆ ಹತ್ತುತ್ತದೆ, ಕಾಗದದಲ್ಲಿ ಆಮ್ಲವೂ ಇದೆ. ನಮ್ಮ ಪತ್ರಿಕೆಯನ್ನು ಓದಲಿಕ್ಕೇ ಉಪಯೋಗಿಸಬೇಕೆಂದು ಪ್ರಾರ್ಥನೆ.

ಆರುವಾಗ ನಡೆಯುವ ಮತ್ತೊಂದು ಸಂಗತಿಯಿದೆ; ಅದನ್ನು ತಿಳಿಯದವನು ಪ್ರತಿ ಬೆಳಿಗ್ಗೆಯೂ ನಿರಾಶನಾಗುತ್ತಾನೆ. ನೀರಿನಲ್ಲಿರುವ ಚಿತ್ರದಲ್ಲಿ ಬಿಳಿಯು ಬೆಳಗುತ್ತದೆ, ಕಪ್ಪು ಮಿರುಗುತ್ತದೆ. ಆರಿದ ಮೇಲೆ ಅದೇ ಚಿತ್ರ ಒಂದು ಛಾಯೆ ಕಂದಿರುತ್ತದೆ. ಬಿಳಿ ಸೀರೆ ಬೂದಿಯಾಗಿ, ನೆರಳಿನೊಳಗಿನ ವಿವರ ಮುಚ್ಚಿಹೋಗಿರುತ್ತದೆ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ (1902–1984) ತನ್ನ ಕೊನೆಗಾಲದಲ್ಲಿ ಪರೀಕ್ಷೆಯ ಹಾಳೆಗಳನ್ನು ಮೈಕ್ರೋವೇವ್ ಒಲೆಯಲ್ಲಿ ಒಣಗಿಸಿ ನೋಡಿ, ಆಮೇಲೆ ಬೆಳಕಿನ ಅಳತೆಯನ್ನು ನಿಶ್ಚಯಿಸುತ್ತಿದ್ದನು. ನಮಗೆ ಕೂದಲು ಒಣಗಿಸುವ ಯಂತ್ರ ಸಾಕು. ಬೆರಳಗಲದ ತುಂಡೊಂದನ್ನು ಪೂರ್ತಿ ಒಣಗಿಸಿ ಒದ್ದೆಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಕಂದುತ್ತದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲಿನಷ್ಟು ಬೆಳಕನ್ನು ಕಡಿಮೆ ಕೊಟ್ಟರೆ ಸರಿಹೋಗುತ್ತದೆ. ಕಾಗದದಿಂದ ಕಾಗದಕ್ಕೆ ಈ ಲೆಕ್ಕ ಬೇರೆಯಾದುದರಿಂದ ಪ್ರತಿಯೊಬ್ಬನೂ ತನ್ನದನ್ನು ತಾನೇ ಕಂಡುಕೊಳ್ಳಬೇಕು.

ಎಷ್ಟು ಎಚ್ಚರ ವಹಿಸಿದರೂ ಸ್ವಲ್ಪ ಅಲೆಯಲೆಯಾಗಿ ಉಳಿದ ಹಾಳೆಯನ್ನು ಮಟ್ಟಸ ಮಾಡಲು ಭಾರ ಬೇಕು. ಮುರುಟಿದ್ದನ್ನು ಹಿಮ್ಮುಖವಾಗಿ ಸುತ್ತಿ ನೇರಮಾಡಲು ಹೋದರೆ ಒಣಗಿದ ಜೆಲಟಿನ್ ಬಿರುಕು ಬಿಡುತ್ತದೆ. ಆ ಬಿರುಕಿಗೆ ಮದ್ದಿಲ್ಲ. ಬೆನ್ನಿನ ಮೈಗೆ ಮಾತ್ರ ಹಿಂಡಿದ ಸ್ಪಂಜನ್ನು ಸವರಿ, ಶುದ್ಧವಾದ ಎರಡು ಹೀರುಕಾಗದಗಳ ನಡುವೆ ಇಟ್ಟು, ಮೇಲೆ ಸಮತಟ್ಟಾದ ಭಾರ ಹೇರಿ ಎರಡು ಮೂರು ದಿನ ಮರೆತುಬಿಡಬೇಕು. ಅಡಿಗೆಕಟ್ಟೆಗೆ ಹಾಸುವ ಕಡಪ ಕಲ್ಲಿನ ಒಂದು ತುಂಡು ಇದಕ್ಕೆ ಹೇಳಿಮಾಡಿಸಿದಂತಿದೆ. ಗುಮಾಸ್ತರ ಮನೆಯಲ್ಲಿ ಹಳೆಯ ಲೆಡ್ಜರುಗಳಿದ್ದರೆ ಅವೂ ಆದೀತು. ಅವಸರವಿದ್ದವರು ಇಸ್ತ್ರಿಪೆಟ್ಟಿಗೆಯನ್ನು ಎಲ್ಲಕ್ಕಿಂತ ಕಡಿಮೆ ಬಿಸಿಗೆ ಇಟ್ಟು, ಚಿತ್ರದ ಬೆನ್ನಿನ ಕಡೆಯಿಂದ, ನಡುವೆ ಶುದ್ಧ ಬಿಳಿ ಕಾಗದ ಹಾಸಿ ಒತ್ತಬಹುದು. ಹಾಳೆಯಲ್ಲಿ ಹಸಿ ಉಳಿದಿದ್ದರೆ ಮಾತ್ರ ಇದನ್ನು ಮಾಡಬಾರದು.

ಹೊಟೇಲಿನಲ್ಲಿ ದುಡಿಯುವ ನಮ್ಮ ಮಿತ್ರರಿಗೆ ವಿಶೇಷವಾಗಿ ಒಂದು ಮಾತು. ಅಡಿಗೆಮನೆಯ ಟ್ರೇ, ಜಗ್ಗು, ಚಮಚೆಗಳನ್ನು ಈ ಕೆಲಸಕ್ಕೆ ತಂದು ಮತ್ತೆ ಅಡಿಗೆಗೆ ಕೊಂಡೊಯ್ಯಕೂಡದು. ತೊಳೆದರೂ ಕೂಡದು. ಈ ಕೆಲಸದ ಪಾತ್ರೆಗಳಿಗೆ ಗುರುತು ಹಾಕಿ ಬೇರೆಯೇ ಇಡತಕ್ಕದ್ದು. ಡೆವಲಪರಿನಿಂದ ಕೆಲವರ ಕೈಗೆ ತುರಿಕೆ ಏಳುವುದುಂಟು. ಇಕ್ಕಳ ಅಥವಾ ರಬ್ಬರಿನ ಕೈಚೀಲ ಇರಲಿ.

ಕೊನೆಯದಾಗಿ, ಆರಿದ ಚಿತ್ರವನ್ನು ಚೌಕಟ್ಟಿಗೆ ಹಾಕುವ ಬಗೆ. ಬರಿಯ ಗಾಜಿಗೆ ಜೆಲಟಿನ್ ಮೈ ತಾಗಿಕೊಂಡಿದ್ದರೆ ಮಳೆಗಾಲದ ತೇವದಲ್ಲಿ ಅದು ಮೃದುವಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಊರಿನ ಹಳೆಯ ಪಟಗಳಲ್ಲಿ ಕಾಣುವ ಒದ್ದೆಯಂತಹ ಹೊಳೆಯುವ ಮಚ್ಚೆಗಳು ಇವೇ. ಹೀಗೆ ಅಂಟಿದ ಚಿತ್ರವನ್ನು ಎಳೆದು ಬಿಡಿಸಲು ಯಾರೂ ಹೋಗಬಾರದು; ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಮೊದಲು ಗಾಜಿನ ಸಮೇತವೇ ಅದರ ಪ್ರತಿಯನ್ನು ತೆಗೆಸಿಕೊಂಡು, ಬಿಡಿಸುವ ಕೆಲಸವನ್ನು ಬಲ್ಲವರಿಗೆ ಬಿಡಬೇಕು. ಹೊಸದಾಗಿ ಕಟ್ಟು ಹಾಕಿಸುವವರು ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಇಡುವಂತೆ ಅಂಗಡಿಯವನಿಗೆ ಹೇಳಲಿ. ಎರಡು ಮಿಲಿಮೀಟರ್ ಗಾಳಿಯ ಜಾಗ ಸಾಕು. ಹೊರಗಿನ ಗೋಡೆಗೆ, ಅಂದರೆ ಮಳೆ ಹೊಡೆಯುವ ಗೋಡೆಗೆ, ಅದನ್ನು ತೂಗುಹಾಕದೆ ಒಳಗೋಡೆಗೆ ಹಾಕಲಿ.